ಕಳೆದ ಮೊಬೈಲು ಮರಳಬೇಕೆ? ಹದಿನೈದು ಅಂಕಿ ಬರೆದಿಡಿ



ನಿಮ್ಮ ಕೊಟ್ಟಿಗೆಯ ಹಸುವಿನ ಕಿವಿಯನ್ನು ಒಮ್ಮೆ ನೋಡಿ. ಪಶುವೈದ್ಯ ಆಸ್ಪತ್ರೆಯವರು ಹಾಕಿದ ಹಳದಿ ಓಲೆ ಇರುತ್ತದೆ. ಅದರ ಮೇಲೆ 12 ಅಂಕಿಗಳ ಒಂದು ಸಂಖ್ಯೆ ಇದೆ. ಆ ಸಂಖ್ಯೆ ದೇಶದ ಇನ್ನೊಂದು ಹಸುವಿಗೆ ಇರುವುದಿಲ್ಲ. ಹಸು ಸತ್ತು ವಿಮೆ ಕೇಳಲು ಹೋದಾಗ, ‘ಕಪ್ಪು ಹಸು, ಹಣೆಯಲ್ಲಿ ಬಿಳಿ ಚುಕ್ಕೆ’ ಎಂದರೆ ಸಾಲದು. ಓಲೆಯ ಸಂಖ್ಯೆ ಹೇಳಬೇಕು.

ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಹೊರಗೆ ತೆಗೆಯಿರಿ. ಅದಕ್ಕೂ ಇಂಥದೇ ಒಂದು ಓಲೆ ಇದೆ. ಅದರಲ್ಲಿ 15 ಅಂಕಿಗಳು. ಇದಕ್ಕೆ ಐಎಂಇಐ ಸಂಖ್ಯೆ ಎಂದು ಹೆಸರು. ಹಸುವಿನ ಓಲೆ ಹೊರಗೆ ಕಾಣುತ್ತದೆ, ಮೊಬೈಲಿನ ಓಲೆ ಒಳಗೆ ಅಡಗಿರುತ್ತದೆ. ವ್ಯತ್ಯಾಸ ಇಷ್ಟೇ.

ಘಾಟಿಯ ದನಗಳ ಜಾತ್ರೆಯ ನೂಕುನುಗ್ಗಲಿನಲ್ಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ, ಊರಿಗೆ ಮರಳುವ ಬಸ್ಸಿನಲ್ಲಾಗಲಿ ಮೊಬೈಲು ಹೋಯಿತೆನ್ನಿ. ನೀವು ಪೊಲೀಸ್ ಠಾಣೆಗೆ ಹೋದರೆ ಅಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಐಎಂಇಐ ನಂಬರು ಎಷ್ಟು?’ ಎಂಬುದೂ ಒಂದು. ಆ ಸಂಖ್ಯೆ ಇರುವುದು ಮೊಬೈಲಿನೊಳಗೆ. ಮೊಬೈಲೇ ಕೈಯಲ್ಲಿಲ್ಲ! ಬಾವಿಗೆ ಬಿದ್ದ ಮೇಲೆ ಹಗ್ಗ ಹೊಸೆಯಲು ಕುಳಿತಂತೆ ಆಗುತ್ತದೆ. ಆದ್ದರಿಂದ ಮೊಬೈಲು ಕೈಯಲ್ಲಿರುವಾಗಲೇ ಆ ಸಂಖ್ಯೆಯನ್ನು ಬರೆದಿಡಬೇಕು. ಈ ಲೇಖನದಿಂದ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಉಳಿದ ಮಾತು ಆಮೇಲೆ.

ಹೋಗುವುದು ಬರೀ ಮೊಬೈಲಲ್ಲ

ಹತ್ತು ಹನ್ನೆರಡು ಸಾವಿರ ರೂಪಾಯಿಯ ವಸ್ತು ಹೋಯಿತು ಎಂದು ಕೈಚೆಲ್ಲಿ ಕೂಡುವವರಿದ್ದಾರೆ. ಆದರೆ ಇಂದು ರೈತನ ಮೊಬೈಲು ಮಾತಾಡುವ ಪೆಟ್ಟಿಗೆ ಮಾತ್ರವಲ್ಲ. ಬ್ಯಾಂಕಿನ ಹಣ ಬಂದ ಸುದ್ದಿ ಅದಕ್ಕೇ ಬರುತ್ತದೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಗಾಗಿ ಇ-ಕೆವೈಸಿ ಮಾಡಿಸುವಾಗ ಬರುವ ಒಟಿಪಿ ಅದಕ್ಕೇ ಬರುತ್ತದೆ. ಬೆಳೆ ವಿಮೆ, ಪಡಿತರ, ಆಧಾರ್ ಎಲ್ಲಕ್ಕೂ ಅದೇ ನಂಬರನ್ನು ಕೊಟ್ಟಿರುತ್ತೀರಿ. ಕೊಳವೆಬಾವಿಯ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರೆ ಆ ಸ್ಟಾರ್ಟರ್ ಕೂಡ ನಿಮ್ಮ ನಂಬರಿನ ಕರೆಗೆ ಮಾತ್ರ ಓಗೊಡುತ್ತದೆ. ಮೊಬೈಲು ಹೋದ ದಿನ ರಾತ್ರಿ ಮೂರು ಫೇಸ್ ಕರೆಂಟು ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ನಡೆದೇ ಹೋಗಬೇಕು.

ಇದರಿಂದ ಎರಡು ವಿಷಯ ಸ್ಪಷ್ಟ. ಒಂದು, ಮೊಬೈಲಿಗಿಂತ ಅದರೊಳಗಿನ ಸಿಮ್ ಕಾರ್ಡು ಮುಖ್ಯ. ಎರಡು, ಮೊಬೈಲು ಹೋಯಿತೆಂದು ಬೇಸರಪಟ್ಟು ಹೊಸ ನಂಬರು ಕೊಳ್ಳಬಾರದು. ಹಳೆಯ ನಂಬರನ್ನೇ ಮತ್ತೆ ಪಡೆಯಬೇಕು. ಹೊಸ ನಂಬರು ತೆಗೆದುಕೊಂಡರೆ ಬ್ಯಾಂಕು, ಆಧಾರ್ ಕೇಂದ್ರ, ರೈತ ಸಂಪರ್ಕ ಕೇಂದ್ರ ಎಂದು ಕಚೇರಿಯಿಂದ ಕಚೇರಿಗೆ ಅಲೆಯುವುದೇ ಕೆಲಸವಾದೀತು.

ಇಂದೇ ಮಾಡಿಡಬೇಕಾದ ಕೆಲಸಗಳು

ಕರೆ ಮಾಡಲು ಅಂಕಿ ಒತ್ತುತ್ತೀರಲ್ಲ, ಅಲ್ಲಿ *#06# ಎಂದು ಒತ್ತಿ. ಅಂದರೆ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಮತ್ತೆ ಹ್ಯಾಷ್. ಕರೆಯ ಗುಂಡಿ ಒತ್ತುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ, ಪರದೆಯ ಮೇಲೆ 15 ಅಂಕಿಗಳ ಸಂಖ್ಯೆ ಮೂಡುತ್ತದೆ. ಎರಡು ಸಿಮ್ ಹಾಕುವ ಮೊಬೈಲಾದರೆ ಎರಡು ಸಂಖ್ಯೆಗಳು ಬರುತ್ತವೆ. ಎರಡನ್ನೂ ಬರೆದುಕೊಳ್ಳಿ. ದುಬಾರಿ ಮೊಬೈಲಿಗೂ, ಗುಂಡಿ ಒತ್ತುವ ಸಾದಾ ಮೊಬೈಲಿಗೂ ಇದೇ ವಿಧಾನ.

ಬರೆಯುವುದೆಲ್ಲಿ? ಮೊಬೈಲಿನಲ್ಲೇ ಬರೆದಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಪಹಣಿ, ಪಾಸ್‌ಪುಸ್ತಕ ಇಡುವ ಜಾಗದಲ್ಲಿ ಒಂದು ಹಾಳೆಯ ಮೇಲೆ ಬರೆದಿಡಿ. ಮನೆಯಲ್ಲಿ ಎಷ್ಟು ಮೊಬೈಲುಗಳಿವೆಯೋ ಅಷ್ಟರದ್ದೂ ಬರೆಯಿರಿ. ಮೊಬೈಲು ಕೊಂಡಾಗ ಬಂದ ರಟ್ಟಿನ ಡಬ್ಬಿಯ ಮೇಲೂ, ಅಂಗಡಿಯ ಬಿಲ್ಲಿನ ಮೇಲೂ ಈ ಸಂಖ್ಯೆ ಇರುತ್ತದೆ. ಡಬ್ಬಿಯನ್ನು ಮಕ್ಕಳ ಆಟಕ್ಕೆ ಕೊಡುವ ಮೊದಲು ಆ ಚೀಟಿಯ ಭಾಗವನ್ನಾದರೂ ಕತ್ತರಿಸಿ ಇಟ್ಟುಕೊಳ್ಳಿ. ಬಿಲ್ಲು ಜೋಪಾನವಾಗಿರಲಿ.

ಮೊಬೈಲಿಗೆ ಬೀಗ ಹಾಕುವುದು ಎರಡನೆಯ ಕೆಲಸ. ತೆರೆಯಲು ಗುಪ್ತ ಅಂಕಿ ಕೇಳುವಂತೆ ಮಾಡಿಸಿ. ಹಣ ಕಳಿಸುವ ಆ್ಯಪ್‌ಗಳಿಗೂ ಬೀಗವಿರಲಿ. ಯುಪಿಐ ಪಿನ್ನನ್ನು ಕವರಿನ ಹಿಂದೆ ಬರೆದಿಡುವುದು, ಎಟಿಎಂ ಕಾರ್ಡನ್ನು ಮೊಬೈಲಿನ ಕವರಿನೊಳಗೆ ಸಿಕ್ಕಿಸುವುದು, ಆಧಾರ್ ಕಾರ್ಡಿನ ಮತ್ತು ಎಟಿಎಂ ಕಾರ್ಡಿನ ಫೋಟೊ ತೆಗೆದು ಮೊಬೈಲಿನಲ್ಲೇ ಇಡುವುದು ಅನೇಕರ ಅಭ್ಯಾಸ. ಈ ಅಭ್ಯಾಸ ಬಿಡಿ. ಕಳ್ಳನಿಗೆ ಸಿಮ್ಮೂ ಸಿಕ್ಕಿ ಕಾರ್ಡೂ ಸಿಕ್ಕಿದರೆ, ಕಣಜದ ಬಾಗಿಲನ್ನು ನಾವೇ ತೆರೆದಿಟ್ಟಂತೆ.

ಮೂರನೆಯದಾಗಿ, ಸಿಮ್ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ಹಳ್ಳಿಗಳಲ್ಲಿ ಅಪ್ಪನ ಮೊಬೈಲಿನ ಸಿಮ್ ಮಗನ ಹೆಸರಿನಲ್ಲಿ, ಅತ್ತೆಯ ಸಿಮ್ ಅಳಿಯನ ಹೆಸರಿನಲ್ಲಿ ಇರುವುದುಂಟು. ಕಳೆದುಹೋದಾಗ ಬದಲಿ ಸಿಮ್ ಸಿಗುವುದು ಹೆಸರಿದ್ದವರಿಗೆ ಮಾತ್ರ. ಆತ ದೂರದ ಊರಿನಲ್ಲಿದ್ದರೆ ನಿಮ್ಮ ಕೆಲಸ ನಿಂತಿತು.

ಆಂಡ್ರಾಯ್ಡ್ ಮೊಬೈಲಾದರೆ ನಾಲ್ಕನೆಯ ಕೆಲಸವೂ ಇದೆ. ಅದರಲ್ಲಿ ಯಾವ ಜಿಮೇಲ್ ವಿಳಾಸ ಹಾಕಿದ್ದಾರೆ, ಅದರ ಪಾಸ್‌ವರ್ಡ್ ಏನು ಎಂಬುದನ್ನು ಮಕ್ಕಳಿಂದ ಕೇಳಿ ತಿಳಿದುಕೊಳ್ಳಿ. ಅಂಗಡಿಯವನು ತನಗೆ ತೋಚಿದ ವಿಳಾಸ ಹಾಕಿ ಕೊಟ್ಟಿದ್ದರೆ ಅದನ್ನು ತೆಗೆಸಿ ನಿಮ್ಮದನ್ನು ಹಾಕಿಸಿ. ಇದರ ಪ್ರಯೋಜನವನ್ನು ಮುಂದೆ ನೋಡೋಣ.

ಹೋದ ಮೇಲೆ ಮೊದಲ ಗಂಟೆ

ಜೇಬು ತಡವಿದಿರಿ, ಮೊಬೈಲಿಲ್ಲ. ಎದೆ ಧಸಕ್ಕೆನ್ನುವುದು ಸಹಜ. ಆದರೆ ಗಾಬರಿಯಲ್ಲಿ ಅತ್ತಿತ್ತ ಓಡಾಡಿ ಹೊತ್ತು ಕಳೆಯಬೇಡಿ.

ಮೊದಲು ಪಕ್ಕದವರ ಮೊಬೈಲಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ. ಕಬ್ಬಿನ ಗದ್ದೆಯಲ್ಲೋ ಬದುವಿನ ಮೇಲೋ ಬಿದ್ದಿದ್ದರೆ ಸದ್ದು ಕೇಳೀತು. ಬಸ್ಸಿನಲ್ಲಿ ಬಿಟ್ಟಿದ್ದರೆ ಕಂಡಕ್ಟರು ಎತ್ತಿ ಮಾತಾಡಿಯಾರು. ಪ್ರಾಮಾಣಿಕರ ಕೈಗೆ ಸಿಕ್ಕ ಮೊಬೈಲು ಈ ಒಂದು ಕರೆಯಿಂದಲೇ ಮರಳುವುದುಂಟು.

ಕರೆಗೆ ಉತ್ತರವಿಲ್ಲ, ಅಥವಾ ಸ್ವಿಚ್ ಆಫ್ ಎಂದು ಬರುತ್ತಿದೆ ಎನ್ನಿ. ಆಗ ಮೊಬೈಲನ್ನು ಹುಡುಕುವ ಯೋಚನೆಯನ್ನು ಸ್ವಲ್ಪ ಬದಿಗಿಟ್ಟು ಹಣವನ್ನು ಉಳಿಸಿಕೊಳ್ಳುವ ಕೆಲಸ ಮಾಡಿ. ಪಾಸ್‌ಪುಸ್ತಕದ ಮೇಲಿರುವ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ‘ಮೊಬೈಲು ಕಳೆದಿದೆ, ಯುಪಿಐ ಮತ್ತು ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ’ ಎಂದು ಹೇಳಿ. ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಈ ಸಂಖ್ಯೆಗೆ ಬೆಲೆಯಿದೆ. ಗ್ರಾಹಕ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಿನ ಸುತ್ತೋಲೆಯಲ್ಲಿ ಹೇಳಿದೆ. ತಿಳಿಸಿದ್ದಕ್ಕೆ ನಿಮ್ಮಲ್ಲಿ ಪುರಾವೆ ಬೇಕಲ್ಲವೆ?

ಅನಂತರ ಸಿಮ್ ನಿಲ್ಲಿಸಿ. ಅದೇ ಕಂಪನಿಯ ನಂಬರಿರುವ ಬೇರೊಬ್ಬರ ಮೊಬೈಲಿನಿಂದ 198ಕ್ಕೆ ಕರೆ ಮಾಡಬಹುದು, ಅಥವಾ ನೇರವಾಗಿ ಕಂಪನಿಯ ಅಂಗಡಿಗೆ ಹೋಗಬಹುದು. ಆಧಾರ್ ಕಾರ್ಡು ತೋರಿಸಿ ಅದೇ ನಂಬರಿನ ಬದಲಿ ಸಿಮ್ ಕೇಳಿ. ಹೊಸ ಸಿಮ್ ಜೀವ ಪಡೆದೊಡನೆ ಹಳೆಯದು ಸಾಯುತ್ತದೆ. ಒಂದು ಮಾತು ನೆನಪಿರಲಿ, ಬದಲಿ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಮೋಸ ತಡೆಯಲೆಂದೇ ಹೀಗೆ ಮಾಡಿದ್ದಾರೆ. ಒಟಿಪಿ ಬರಲಿಲ್ಲವೆಂದು ಅಂಗಡಿಯವನೊಡನೆ ಜಗಳ ಬೇಡ.

ಖಾತೆಯಿಂದ ಆಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಹಣದ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಕಳ್ಳನ ಖಾತೆಯಿಂದ ಮುಂದೆ ಹೋಗುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಅವಕಾಶವಿರುತ್ತದೆ. ನಾಳೆ ನೋಡೋಣ ಎಂದರೆ ನೀರು ಕಾಲುವೆ ದಾಟಿರುತ್ತದೆ.

ಠಾಣೆಯಲ್ಲಿ ಏನು ಹೇಳಬೇಕು?

ಮೊಬೈಲು ಎಲ್ಲೋ ಬಿದ್ದುಹೋಗಿದ್ದರೆ ‘ಕಳೆದಿದೆ’ ಎಂದು ದೂರು ಕೊಡಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯ ಮೂಲಕ ಕೂಡ ಇದನ್ನು ದಾಖಲಿಸಬಹುದು. ಆದರೆ ಯಾರೋ ಜೇಬಿನಿಂದ ಎತ್ತಿದ್ದರೆ, ಕೈಯಿಂದ ಕಿತ್ತುಕೊಂಡು ಓಡಿದ್ದರೆ ಅದು ಕಳವು. ಅದನ್ನು ‘ಕಳೆದಿದೆ’ ಎಂದು ಬರೆಸಬೇಡಿ. ಕಳವೆಂದೇ ದೂರು ಕೊಟ್ಟು ಎಫ್‌ಐಆರ್ ಪ್ರತಿ ಕೇಳಿ. ಪ್ರತಿಯನ್ನು ಉಚಿತವಾಗಿ ಕೊಡಬೇಕು.

‘ಮೊಬೈಲು ಹೋದದ್ದು ಯಶವಂತಪುರದ ಮಾರುಕಟ್ಟೆಯಲ್ಲಿ, ಗೊತ್ತಾದದ್ದು ಊರಿಗೆ ಬಂದ ಮೇಲೆ. ಮತ್ತೆ ಬೆಂಗಳೂರಿಗೆ ಹೋಗಬೇಕೆ?’ ಎಂದು ಕೇಳುವವರಿದ್ದಾರೆ. ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲೂ ಕಳಿಸಬಹುದು. ಹಾಗೆ ಕಳಿಸಿದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ಠಾಣೆಗೆ ಹೋಗುವಾಗ ಬರೆದಿಟ್ಟ ಐಎಂಇಐ ಸಂಖ್ಯೆ, ಬಿಲ್ಲು, ಆಧಾರ್ ಪ್ರತಿ, ಮೊಬೈಲಿನ ಕಂಪನಿ ಮತ್ತು ಮಾದರಿಯ ಹೆಸರು, ಹೋದ ದಿನ, ಹೊತ್ತು, ಸ್ಥಳ ಇಷ್ಟನ್ನೂ ಜೊತೆಗೊಯ್ಯಿರಿ. ಠಾಣೆಯ ರೈಟರ್ ಮುಂದೆ ತಡವರಿಸಬೇಕಾಗುವುದಿಲ್ಲ.

ದೇಶಕ್ಕೆಲ್ಲ ಒಂದೇ ಖಾತೆ ಪುಸ್ತಕ

ಇನ್ನು ಮುಖ್ಯ ಕೆಲಸ. ಕೇಂದ್ರ ದೂರಸಂಪರ್ಕ ಇಲಾಖೆಯವರು ಸಿಇಐಆರ್ ಎಂಬ ವ್ಯವಸ್ಥೆಯನ್ನು ನಡೆಸುತ್ತಾರೆ. 2019ರಲ್ಲಿ ಮಹಾರಾಷ್ಟ್ರದಲ್ಲಿ, ಬಳಿಕ ದೆಹಲಿಯಲ್ಲಿ ಇದರ ಪ್ರಯೋಗ ನಡೆಯಿತು. 2023ರ ಮೇ ತಿಂಗಳಿನಲ್ಲಿ ‘ಸಂಚಾರ್ ಸಾಥಿ’ ಜಾಲತಾಣದ ಮೂಲಕ ಇಡೀ ದೇಶಕ್ಕೆ ದೊರೆಯಿತು. 2025ರ ಜನವರಿಯಲ್ಲಿ ಅದೇ ಹೆಸರಿನ ಮೊಬೈಲ್ ಆ್ಯಪ್ ಕೂಡ ಬಂದಿದೆ. ಇದಕ್ಕೆ ಶುಲ್ಕವಿಲ್ಲ.

ಇದು ಕೆಲಸ ಮಾಡುವ ಬಗೆ ತಿಳಿದರೆ ನಂಬಿಕೆ ಬರುತ್ತದೆ. ಮೊಬೈಲು ಚಾಲೂ ಇರುವಾಗ ಹತ್ತಿರದ ಟವರಿನೊಡನೆ ಸದಾ ಮಾತಾಡಿಕೊಳ್ಳುತ್ತಿರುತ್ತದೆ. ‘ನಾನು ಇಂಥ ಸಿಮ್, ಇಂಥ ಐಎಂಇಐ ಮೊಬೈಲಿನಲ್ಲಿದ್ದೇನೆ’ ಎಂದು ಹೆಸರು ಹೇಳಿಯೇ ಒಳಗೆ ಬರುತ್ತದೆ. ಕಳ್ಳ ನಿಮ್ಮ ಸಿಮ್ ಕಿತ್ತೆಸೆದು ತನ್ನ ಸಿಮ್ ಹಾಕಬಹುದು. ಆದರೆ 15 ಅಂಕಿಯ ಓಲೆ ಮೊಬೈಲಿನಲ್ಲೇ ಉಳಿಯುತ್ತದೆ. ನೀವು ಸಿಇಐಆರ್‌ನಲ್ಲಿ ದೂರು ದಾಖಲಿಸಿದಾಗ ಆ ಸಂಖ್ಯೆ ಕಪ್ಪುಪಟ್ಟಿಗೆ ಸೇರುತ್ತದೆ. ಸುಮಾರು 24 ಗಂಟೆಯೊಳಗೆ ಭಾರತದ ಎಲ್ಲ ಕಂಪನಿಗಳ ಜಾಲದಲ್ಲೂ ಆ ಮೊಬೈಲಿಗೆ ಬಾಗಿಲು ಮುಚ್ಚುತ್ತದೆ. ಯಾರಾದರೂ ಅದಕ್ಕೆ ಹೊಸ ಸಿಮ್ ಹಾಕಿದರೆ, ಯಾವ ನಂಬರು ಹಾಕಿದರು ಎಂಬ ಸುಳಿವು ಪೊಲೀಸರಿಗೆ ಹೋಗುತ್ತದೆ. ಮೊಬೈಲನ್ನು ನಿಲ್ಲಿಸಿದರೆ ಪತ್ತೆ ಮಾಡಲಾಗದು ಎಂಬ ಮಾತು ಸರಿಯಲ್ಲ. ನಿಲ್ಲಿಸಿದ ಮೇಲೂ ಪತ್ತೆ ನಡೆಯುತ್ತದೆ.

ದೂರು ದಾಖಲಿಸಲು ಸಂಚಾರ್ ಸಾಥಿ ಜಾಲತಾಣದಲ್ಲಿ ಕಳೆದ ಮೊಬೈಲನ್ನು ತಡೆಯುವ ಭಾಗ ತೆರೆಯಬೇಕು. ಕಳೆದ ನಂಬರು, ಐಎಂಇಐ ಸಂಖ್ಯೆ, ಮೊಬೈಲಿನ ಮಾದರಿ, ಹೋದ ಸ್ಥಳ ಮತ್ತು ದಿನ, ಠಾಣೆಯ ಹೆಸರು, ದೂರಿನ ಸಂಖ್ಯೆ ತುಂಬಬೇಕು. ಪೊಲೀಸ್ ದೂರಿನ ಪ್ರತಿ ಮತ್ತು ಗುರುತಿನ ಚೀಟಿ ಸೇರಿಸಬೇಕು. ಬಿಲ್ಲಿದ್ದರೆ ಅದನ್ನೂ ಸೇರಿಸಿ. ಕೊನೆಗೆ ನಿಮ್ಮ ಬದಲಿ ಸಿಮ್ಮಿಗೆ ಒಟಿಪಿ ಬರುತ್ತದೆ. ಬದಲಿ ಸಿಮ್ ಮೊದಲು ಪಡೆಯಿರಿ ಎಂದದ್ದು ಇದಕ್ಕಾಗಿಯೇ. ಎಲ್ಲ ಮುಗಿದ ಮೇಲೆ ಬರುವ ಅರ್ಜಿ ಸಂಖ್ಯೆಯನ್ನು ಐಎಂಇಐ ಬರೆದಿಟ್ಟ ಹಾಳೆಯಲ್ಲೇ ಬರೆದುಕೊಳ್ಳಿ. ಅರ್ಜಿ ಎಲ್ಲಿಗೆ ಬಂತೆಂದು ತಿಳಿಯಲು, ಮೊಬೈಲು ಸಿಕ್ಕ ಮೇಲೆ ಅದನ್ನು ಮತ್ತೆ ಚಾಲೂ ಮಾಡಲು ಆ ಸಂಖ್ಯೆಯೇ ಬೇಕು. ಇದೆಲ್ಲ ನಿಮಗೆ ಹೊಸದಾದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಕೂಡಿಸಿಕೊಳ್ಳಿ, ಇಲ್ಲವೆ ಠಾಣೆಯಲ್ಲೇ ಸಹಾಯ ಕೇಳಿ.

ಕಳ್ಳತನದ ಮೊಬೈಲಿನ ಐಎಂಇಐ ಸಂಖ್ಯೆಯನ್ನೇ ತಿದ್ದುವವರೂ ಇದ್ದಾರೆ. ಹಸುವಿನ ಓಲೆ ಕಿತ್ತು ಬೇರೆ ಓಲೆ ಹಾಕಿದಂತೆ. 2023ರ ದೂರಸಂಪರ್ಕ ಕಾಯಿದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಸೆರೆವಾಸ, ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಮೊಬೈಲನ್ನು ಮೊಬೈಲಿನಿಂದಲೇ ಹುಡುಕುವುದು

ಜಿಮೇಲ್ ವಿಳಾಸ, ಪಾಸ್‌ವರ್ಡ್ ತಿಳಿದಿರಲಿ ಎಂದು ಹೇಳಿದ್ದೆವಲ್ಲ, ಅದರ ಪ್ರಯೋಜನ ಇಲ್ಲಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ‘ಫೈಂಡ್ ಹಬ್’ ಎಂಬ ಸೌಲಭ್ಯವಿದೆ. 2025ರವರೆಗೆ ಇದಕ್ಕೆ ‘ಫೈಂಡ್ ಮೈ ಡಿವೈಸ್’ ಎಂಬ ಹೆಸರಿತ್ತು. ಐಫೋನಿನಲ್ಲಿ ‘ಫೈಂಡ್ ಮೈ’ ಎಂದಿದೆ. ಮಗನ ಮೊಬೈಲಿನಲ್ಲೋ ಗೆಳೆಯರ ಮೊಬೈಲಿನಲ್ಲೋ ನಿಮ್ಮ ವಿಳಾಸ ಹಾಕಿ ತೆರೆದರೆ, ನಿಮ್ಮ ಮೊಬೈಲು ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ಕಳೆದ ಮೊಬೈಲು ಚಾಲೂ ಇದ್ದು, ಇಂಟರ್ನೆಟ್ ಮತ್ತು ಲೊಕೇಶನ್ ತೆರೆದಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ವಿಚ್ ಆಫ್ ಆಗಿದ್ದರೆ ಸಾಮಾನ್ಯವಾಗಿ ಕೊನೆಗೆ ಎಲ್ಲಿತ್ತೆಂಬುದಷ್ಟೇ ತಿಳಿದೀತು.

ಇದರಲ್ಲಿ ಮೂರು ಕೆಲಸ ಸಾಧ್ಯ. ಸದ್ದು ನಿಲ್ಲಿಸಿಟ್ಟ ಮೊಬೈಲನ್ನೂ 5 ನಿಮಿಷ ಜೋರಾಗಿ ರಿಂಗಣಿಸುವಂತೆ ಮಾಡಬಹುದು. ಹುಲ್ಲಿನ ಬಣವೆಯಲ್ಲೋ ಟ್ರ್ಯಾಕ್ಟರಿನ ಸೀಟಿನ ಕೆಳಗೋ ಬಿದ್ದಿದ್ದರೆ ಇದೇ ಸಾಕು. ಎರಡನೆಯದು, ದೂರದಿಂದಲೇ ಬೀಗ ಹಾಕಿ, ‘ಸಿಕ್ಕಿದವರು ಈ ನಂಬರಿಗೆ ತಿಳಿಸಿ’ ಎಂಬ ಬರಹವನ್ನು ಪರದೆಯ ಮೇಲೆ ಮೂಡಿಸಬಹುದು. ಮೂರನೆಯದು, ಒಳಗಿರುವುದನ್ನೆಲ್ಲ ಅಳಿಸಬಹುದು. ಆದರೆ ಅಳಿಸಿದ ಮೇಲೆ ಆಂಡ್ರಾಯ್ಡ್ ಮೊಬೈಲನ್ನು ಈ ರೀತಿ ಹುಡುಕಲಾಗದು. ಆದ್ದರಿಂದ ಅದು ಕಟ್ಟಕಡೆಯ ಉಪಾಯ.

ನಕ್ಷೆಯಲ್ಲಿ ಚುಕ್ಕೆ ಕಂಡ ಮನೆಗೆ ನಾಲ್ಕು ಜನ ಸೇರಿ ದೊಣ್ಣೆ ಹಿಡಿದು ಹೋಗುವ ಸಾಹಸ ಬೇಡ. ಚುಕ್ಕೆ ಪಕ್ಕದ ಮನೆಯ ಮೇಲೆ ಬಿದ್ದಿರಬಹುದು. ಅದೇ ರೀತಿ ಟವರಿನಿಂದ ಸಿಗುವ ಸುಳಿವೂ ಸುತ್ತಳತೆಯನ್ನು ಹೇಳುತ್ತದೆಯೇ ಹೊರತು ಮನೆಯ ಬಾಗಿಲನ್ನಲ್ಲ. ಹಳ್ಳಿಯ ಕಡೆ ಒಂದು ಟವರಿನ ವ್ಯಾಪ್ತಿಗೆ ಹಲವು ಊರುಗಳು ಬರುತ್ತವೆ. ನಿರಪರಾಧಿಯ ಮೇಲೆ ಕೈಮಾಡಿದರೆ ಮೊಬೈಲು ಕಳೆದುಕೊಂಡ ನೀವೇ ಆರೋಪಿಯಾಗುವಿರಿ. ಆ ಮಾಹಿತಿಯನ್ನು ಠಾಣೆಗೆ ಕೊಡಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ.

‘ನಂಬರು ಕೊಡಿ, ಹುಡುಕಿ ಕೊಡುತ್ತೇವೆ’

ಗಾಯದ ಮೇಲೆ ನೊಣ ಕೂರುವಂತೆ, ಮೊಬೈಲು ಕಳೆದುಕೊಂಡವರ ಸುತ್ತ ಮೋಸಗಾರರು ಸೇರುತ್ತಾರೆ. ‘ನಂಬರು ಹಾಕಿದರೆ ಎಲ್ಲಿದೆಯೆಂದು ತೋರಿಸುತ್ತೇವೆ, 500 ರೂಪಾಯಿ ಕಳಿಸಿ’ ಎನ್ನುವವರನ್ನು ನಂಬಬೇಡಿ. ಬರೀ ನಂಬರಿನಿಂದ ಮೊಬೈಲು ಇರುವ ಜಾಗ ತಿಳಿಯುವುದು ಕಂಪನಿಯವರಿಗೆ. ಅವರು ಅದನ್ನು ಕಾನೂನಿನ ಪ್ರಕಾರ ಕೇಳಿದ ಪೊಲೀಸರಂಥ ಅಧಿಕಾರಿಗಳಿಗೆ ಕೊಡುತ್ತಾರೆಯೇ ಹೊರತು ದಾರಿಹೋಕರಿಗಲ್ಲ.

ಇನ್ನೊಂದು ಬಗೆಯ ಮೋಸವೂ ಇದೆ. ‘ನಿಮ್ಮ ಮೊಬೈಲು ಸಿಕ್ಕಿದೆ, ಈ ಕೊಂಡಿ ಒತ್ತಿ ಪಾಸ್‌ವರ್ಡ್ ಹಾಕಿ’ ಎಂದು ಬದಲಿ ಸಿಮ್ಮಿಗೆ ಸಂದೇಶ ಬರುತ್ತದೆ. ಮೊಬೈಲಿನ ಬೀಗ ತೆರೆಯಲಾಗದ ಕಳ್ಳ ಬೀಗದ ಕೈಯನ್ನು ನಿಮ್ಮಿಂದಲೇ ಕೇಳುವ ಉಪಾಯ ಇದು. ಪೊಲೀಸರಾಗಲಿ ಬ್ಯಾಂಕಿನವರಾಗಲಿ ಪಾಸ್‌ವರ್ಡ್, ಪಿನ್, ಒಟಿಪಿ ಕೇಳುವುದಿಲ್ಲ. ಕೇಳಿದರೆ ಅವರು ಪೊಲೀಸರೂ ಅಲ್ಲ, ಬ್ಯಾಂಕಿನವರೂ ಅಲ್ಲ.

ಸಂತೆಯಲ್ಲಿ ಅಗ್ಗದ ಮೊಬೈಲು

ಕೊಳ್ಳುವವರಿದ್ದರೆ ತಾನೆ ಕದಿಯುವವರು? ‘ಹನ್ನೆರಡು ಸಾವಿರದ ಮೊಬೈಲು, ಮೂರು ಸಾವಿರಕ್ಕೆ ಕೊಡುತ್ತೇನೆ, ಬಿಲ್ಲಿಲ್ಲ’ ಎಂದು ಯಾರಾದರೂ ಬಸ್ ನಿಲ್ದಾಣದಲ್ಲಿ ಬಂದರೆ ಅದು ಯಾರದೋ ಮನೆಯ ಕಣ್ಣೀರೆಂದು ತಿಳಿಯಿರಿ. ಪೊಲೀಸರು ಆ ಮೊಬೈಲನ್ನು ಹುಡುಕುತ್ತ ಬರುವುದು ಕದ್ದವನ ಮನೆಗಲ್ಲ, ಅದಕ್ಕೆ ಸಿಮ್ ಹಾಕಿದ ನಿಮ್ಮ ಮನೆಗೆ. ಕೊಟ್ಟ ಹಣವೂ ಹೋಯಿತು, ಮೊಬೈಲೂ ಹೋಯಿತು, ಮರ್ಯಾದೆಯೂ ಹೋಯಿತು.

ಹಳೆಯ ಮೊಬೈಲು ಕೊಳ್ಳುವ ಮೊದಲು ಪರೀಕ್ಷಿಸಲು ಸುಲಭ ದಾರಿಯಿದೆ. ಎತ್ತು ಕೊಳ್ಳುವಾಗ ಹಲ್ಲು ನೋಡುವಿರಲ್ಲ, ಹಾಗೆ. ಆ ಮೊಬೈಲಿನಲ್ಲಿ *#06# ಒತ್ತಿ ಸಂಖ್ಯೆ ನೋಡಿ. ನಿಮ್ಮ ಮೊಬೈಲಿನ ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿಗಳನ್ನು ಬರೆದು 14422ಕ್ಕೆ ಕಳಿಸಿ. ಆ ಮೊಬೈಲು ಕಪ್ಪುಪಟ್ಟಿಯಲ್ಲಿದೆ, ನಕಲಿ ಸಂಖ್ಯೆಯದು ಅಥವಾ ಈಗಾಗಲೇ ಬೇರೆಡೆ ಬಳಕೆಯಲ್ಲಿರುವ ಸಂಖ್ಯೆಯದು ಎಂದು ಉತ್ತರ ಬಂದರೆ ಕೊಳ್ಳಬೇಡಿ. ಉತ್ತರ ಸರಿಯಿದ್ದರೂ ಮಾರುವವರಿಂದ ಬಿಲ್ಲು ಪಡೆದು, ಅವರ ಹೆಸರು ವಿಳಾಸ ಬರೆಸಿಕೊಳ್ಳಿ.

ದಾರಿಯಲ್ಲಿ ಬಿದ್ದ ಮೊಬೈಲು ಸಿಕ್ಕರೆ ಸ್ವಿಚ್ ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ. ಕರೆ ಬಂದರೆ ಉತ್ತರಿಸಿ. ಯಾರೂ ಕರೆ ಮಾಡದಿದ್ದರೆ ಠಾಣೆಗೆ ಒಪ್ಪಿಸಿ. ಸಿಕ್ಕಿದ ವಸ್ತುವನ್ನು ತನ್ನದೆಂದು ಇಟ್ಟುಕೊಳ್ಳುವುದೂ ಕಾನೂನಿನಲ್ಲಿ ಅಪರಾಧವೇ.

ಓದುಗರ ಸಂದೇಹಗಳಿಗೆ ಉತ್ತರ

ಐಎಂಇಐ ಬರೆದಿಟ್ಟಿಲ್ಲ, ಮೊಬೈಲು ಹೋಗಿದೆ. ಏನು ಮಾಡಲಿ?
ಡಬ್ಬಿ ಹುಡುಕಿ, ಬಿಲ್ಲು ಹುಡುಕಿ. ಅವೂ ಇಲ್ಲದಿದ್ದರೆ ಕೊಂಡ ಅಂಗಡಿಗೆ ಹೋಗಿ ಹಳೆಯ ಬಿಲ್ಲಿನ ಪ್ರತಿ ಕೇಳಿ. ಆಂಡ್ರಾಯ್ಡ್ ಮೊಬೈಲಾದರೆ ಫೈಂಡ್ ಹಬ್‌ನಲ್ಲಿ ನಿಮ್ಮ ಮೊಬೈಲಿನ ವಿವರ ತೆರೆದು ನೋಡಿ, ಅಲ್ಲಿ ಸಿಗುವ ಸಾಧ್ಯತೆಯಿದೆ.

ಸಾದಾ ಗುಂಡಿ ಮೊಬೈಲಿಗೂ ಇಷ್ಟೆಲ್ಲ ಬೇಕೆ?
ಮೊಬೈಲು ಸಾದಾ ಆದರೂ ಸಿಮ್ ಸಾದಾ ಅಲ್ಲ. ಬ್ಯಾಂಕಿನ ಒಟಿಪಿ ಅದಕ್ಕೂ ಬರುತ್ತದೆ. ಸಿಮ್ ನಿಲ್ಲಿಸುವುದನ್ನು ಮಾತ್ರ ತಪ್ಪಿಸಬೇಡಿ.

ಮೊಬೈಲು ಖಂಡಿತ ಸಿಗುತ್ತದೆಯೆ?
ಖಂಡಿತ ಎಂದು ಹೇಳಲಾಗದು. ಬಿಚ್ಚಿ ಬಿಡಿಭಾಗಗಳಾಗಿ ಮಾರಿದರೆ, ಗಡಿ ದಾಟಿಸಿದರೆ, ಯಾರೂ ಚಾಲೂ ಮಾಡದೆ ಮೂಲೆಯಲ್ಲಿಟ್ಟರೆ ಸುಳಿವು ಸಿಗುವುದಿಲ್ಲ. ಕೆಲವರಿಗೆ ವಾರದಲ್ಲಿ ಸಿಕ್ಕೀತು, ಕೆಲವರಿಗೆ ತಿಂಗಳುಗಳು ಹಿಡಿದಾವು. ಆದರೆ ನಮ್ಮ ರಾಜ್ಯದ ಜಿಲ್ಲಾ ಪೊಲೀಸರು ಸಿಇಐಆರ್ ಮೂಲಕ ಪತ್ತೆಯಾದ ಮೊಬೈಲುಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ವಾರಸುದಾರರಿಗೆ ಹಿಂತಿರುಗಿಸುವ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಮೇಜಿನ ಮುಂದೆ ನಿಲ್ಲುವವರು ದೂರು ಕೊಟ್ಟವರು. ‘ಹೋದದ್ದು ಹೋಯಿತು’ ಎಂದು ಮನೆಯಲ್ಲಿ ಕುಳಿತವರಲ್ಲ.

ಸಿಕ್ಕ ಮೇಲೆ ಏನು ಮಾಡಬೇಕು?
ಪೊಲೀಸರಿಗೆ ತಿಳಿಸಿ. ಅನಂತರ ಸಂಚಾರ್ ಸಾಥಿಯಲ್ಲಿ ಅರ್ಜಿ ಸಂಖ್ಯೆ ಹಾಕಿ ತಡೆ ತೆಗೆಸಿ. ತಡೆ ತೆಗೆಯುವವರೆಗೆ ಮೊಬೈಲು ಕೈಯಲ್ಲಿದ್ದರೂ ಅದಕ್ಕೆ ನೆಟ್‌ವರ್ಕ್ ಬರುವುದಿಲ್ಲ.

ಕತ್ತರಿಸಿ ಅಂಟಿಸಿಕೊಳ್ಳಿ

ಗೋಡೆಯ ಪಂಚಾಂಗದ ಹಿಂದೆ ಈ ಪಟ್ಟಿ ಇರಲಿ.

ಮೊಬೈಲು ಯಾರದು: ................
ಕಂಪನಿ, ಮಾದರಿ: ................
ಐಎಂಇಐ 1 (15 ಅಂಕಿ): ................
ಐಎಂಇಐ 2 (15 ಅಂಕಿ): ................
ಸಿಮ್ ಯಾರ ಹೆಸರಿನಲ್ಲಿದೆ: ................
ಬ್ಯಾಂಕಿನ ಸಹಾಯವಾಣಿ: ................
ನಮ್ಮ ಠಾಣೆಯ ದೂರವಾಣಿ: ................
ಹಣ ಹೋದರೆ: 1930
ತುರ್ತಿಗೆ: 112
ಹಳೆಯ ಮೊಬೈಲು ಪರೀಕ್ಷೆಗೆ: 14422

ವಾಚನಾಲಯದ ಗೆಳೆಯರಲ್ಲಿ ಒಂದು ಕೋರಿಕೆ. ಅಕ್ಷರ ಬಾರದ ಹಿರಿಯರು ಊರಿನಲ್ಲಿ ಇದ್ದೇ ಇರುತ್ತಾರೆ. ಮಗ ಬೆಂಗಳೂರಿನಿಂದ ಕೊಡಿಸಿದ ಮೊಬೈಲನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡ ಅಜ್ಜಿಯರಿದ್ದಾರೆ. ಇಂದು ಸಂಜೆ ಅವರ ಮನೆಗೆ ಹೋಗಿ *#06# ಒತ್ತಿ, ಆ 15 ಅಂಕಿಗಳನ್ನು ಒಂದು ಹಾಳೆಯ ಮೇಲೆ ದಪ್ಪಗೆ ಬರೆದು ಪಾಸ್‌ಪುಸ್ತಕದೊಳಗೆ ಇಟ್ಟು ಬನ್ನಿ. ಎರಡು ನಿಮಿಷದ ಕೆಲಸ. ಮೊಬೈಲು ಕಳೆದ ದಿನ ಅವರು ನಿಮ್ಮನ್ನು ನೆನೆಯುತ್ತಾರೆ. ಕಳೆಯದಿದ್ದರೆ ಇನ್ನೂ ಒಳ್ಳೆಯದು.